ಬಣ್ಣದ ವೇಷದವರ ಕ್ಯಾರಿಕೇಚರ್: ವೇಷ ಬರ್ತದೆ, ಅವರು ಬರುದಿಲ್ಲ, ಎಂತ ಮಾಡುದು?

ಗೆರೆಕುಡ್ಲ:

ನಮಸ್ಕಾರ ಎಲ್ರಿಗೂ. ಚಿತ್ರ ಬರೆಯುವವರು, ಆಟ ನೋಡುವವರು, ಚೌಕಿಯ (ವೇಷ ಕಟ್ಟುವ ಜಾಗದ) ಪರಿಚಯ ಇರುವವರು ಎಲ್ರೂ ಓದಿ ಹೇಳಿ, ಸ್ವಲ್ಪ ಉದ್ದ ಉಂಟು.

ನಮ್ಮೂರಿನ ಯಕ್ಷಗಾನ ಸಂಘದವರು ತೆಂಕಿನ (ದಕ್ಷಿಣದ ಶೈಲಿಯ) ಒಬ್ಬರು ಹಿರಿಯ ಬಣ್ಣದ ವೇಷಧಾರಿಗೆ, ಅಂದ್ರೆ ರಾಕ್ಷಸ ಪಾತ್ರ ಮಾಡುವವರಿಗೆ, ಸನ್ಮಾನ ಇಟ್ಕೊಂಡಿದ್ದಾರೆ, ಪತ್ತನಾಜೆ ಕಳೆದು ಮೇಳದ ತಿರುಗಾಟ ಎಲ್ಲ ಮುಗಿದ ಮೇಲೆ. ಸಂಘದವರು ಇನ್ನೂ ಹೆಸರು ಹೊರಗೆ ಹಾಕ್ಲಿಲ್ಲ, ಹಾಗಾಗಿ ನಾನೂ ಇಲ್ಲಿ ಹಾಕುದಿಲ್ಲ. ಶಾಲು, ಹಾರ, ಹಣ್ಣಿನ ಹರಿವಾಣ ಅದೆಲ್ಲ ಇದ್ದದ್ದೇ, ಅದ್ರೊಟ್ಟಿಗೆ ಅವರದ್ದು ಮಹಿಷಾಸುರನ ವೇಷದಲ್ಲಿ ಒಂದು ಕ್ಯಾರಿಕೇಚರ್ ಮಾಡಿ ಫ್ರೇಮ್ ಹಾಕಿ ಕೊಡುವ ಅಂತ ನಾನು ಹೇಳಿದೆ. ಎಲ್ರಿಗೂ ಖುಷಿಯಾಯ್ತು, ಸಂಚಿಕೆಯ ಕವರಿಗೂ ಅದೇ ಇರ್ಲಿ ಅಂದ್ರು.

ಈಗ ಟ್ಯಾಬಲ್ಲಿ ಬರೀತಾ ಇದ್ದೇನೆ. ಸಮಸ್ಯೆ ಎಂತ ಅಂದ್ರೆ, ಮಾಮೂಲಿ ಕ್ಯಾರಿಕೇಚರಲ್ಲಿ ಮೂಗು ಉದ್ದ ಇದ್ರೆ ಇನ್ನೂ ಉದ್ದ ಮಾಡ್ತೇವೆ, ಹಣೆ ದೊಡ್ಡದಿದ್ರೆ ಇನ್ನೂ ದೊಡ್ಡದು, ನೋಡಿದ ಕೂಡ್ಲೇ ಓ ಇದು ಇಂಥವರು ಅಂತ ಗೊತ್ತಾಗ್ತದೆ. ಇಲ್ಲಿ ಮೂಗು ಎಲ್ಲುಂಟು? ಮುಖ ಪೂರ್ತಿ ಕೆಂಪು ಕಪ್ಪು ಬಿಳಿ, ಅದ್ರಲ್ಲಿ ಚುಟ್ಟಿ (ಅಕ್ಕಿಹಿಟ್ಟಿನ ಬಿಳಿ ಮುಳ್ಳು), ಮೇಲೆ ಕೋಡು ಕಿರೀಟ, ಕೆಳಗೆ ಎದೆಕಟ್ಟು ಭುಜಕೀರ್ತಿ, ಮನುಷ್ಯನದ್ದು ಅಂತ ಕಾಣುದು ಎರಡು ಕಣ್ಣು ಮಾತ್ರ. ವೇಷವನ್ನೇ ದೊಡ್ಡ ಮಾಡಿ ಬರೆದ್ರೆ ಚಿತ್ರ ಜೋರಾಗಿಯೇ ಬರ್ತದೆ, ಆದ್ರೆ ಅದು ಯಾವ ಮೇಳದ ಯಾವ ಮಹಿಷಾಸುರನೂ ಆಗ್ಬಹುದು. ಬಣ್ಣ ಕಮ್ಮಿ ಮಾಡಿ ಅವರ ಮುಖ ಕಾಣುವ ಹಾಗೆ ಮಾಡಿದ್ರೆ ಫ್ಯಾನ್ಸಿ ಡ್ರೆಸ್ ಹಾಕಿದ ಹಾಗೆ ಆಗ್ತದೆ, ಅಷ್ಟು ವರ್ಷ ಬಣ್ಣ ಹಚ್ಚಿದವರಿಗೆ ಅದು ಅವಮಾನ ಅಂತ ನನ್ನ ಅನಿಸಿಕೆ.

ಇನ್ನೊಂದು, ಸಂಘದ ಹಿರಿಯರೊಬ್ಬರು ಕೇಳಿದ್ರು, ಇದು ತಮಾಷೆ ಮಾಡಿದ ಹಾಗೆ ಆಗ್ಲಿಕ್ಕಿಲ್ವಾ ಅಂತ. ದೇವಿಮಹಾತ್ಮೆಯ ವೇಷ, ಹರಕೆ ಆಟದ ವೇಷ. ಅವರು ಕೇಳಿದ್ದು ಸರಿಯೇ. ಹಾಗಾದ್ರೆ ಎಂತ ದೊಡ್ಡ ಮಾಡುದು, ಎಂತ ಮುಟ್ಟಬಾರ್ದು? ಗೊತ್ತಿದ್ದವರು ಬಿಡಿಸಿ ಹೇಳಿ.

ಪೆನ್ಸಿಲ್ ಮಣಿಪಾಲ:

ಒಳ್ಳೆ ಪ್ರಶ್ನೆ. ನಾನು ಮದುವೆ ರಿಸೆಪ್ಶನಲ್ಲಿ, ಎಕ್ಸಿಬಿಶನಲ್ಲಿ ಲೈವ್ ಕ್ಯಾರಿಕೇಚರ್ ಮಾಡ್ತೇನೆ, ಆಟಕ್ಕೆ ಹೋದ್ರೆ ಸ್ಕೆಚ್ ಬುಕ್ ಇರ್ತದೆ ಕೈಯಲ್ಲಿ.

ಬಣ್ಣದ ವೇಷವೇ ಒಂದು ಉತ್ಪ್ರೇಕ್ಷೆ ಅಲ್ವಾ. ಗದ್ದೆಯ ಆಚೆ ಕೊನೆಯಲ್ಲಿ ಚಾಪೆ ಹಾಕಿ ಕೂತವನಿಗೂ, ದೊಂದಿ ಬೆಳಕಲ್ಲೂ, ಇವ ರಾಕ್ಷಸ ಅಂತ ಕಾಣ್ಬೇಕು ಅಂತ ಹಿಂದಿನವರು ತಲೆ ದೊಡ್ಡ ಮಾಡಿದ್ರು, ಭುಜ ಅಗಲ ಮಾಡಿದ್ರು, ಸೊಂಟಕ್ಕೆ ಬಟ್ಟೆ ಸುತ್ತಿ ಸುತ್ತಿ ಗಾತ್ರ ಕೊಟ್ರು. ಅಂದ್ರೆ ನೀವು ಮಾಡ್ಲಿಕ್ಕೆ ಹೊರಟ ಕೆಲಸ ಅವರು ಯಾವಾಗ್ಲೋ ಮಾಡಿ ಮುಗಿಸಿದ್ದಾರೆ. ಅದ್ರ ಮೇಲೆ ಇನ್ನೊಮ್ಮೆ ದೊಡ್ಡ ಮಾಡಿದ್ರೆ ಸಿಗುದು ಬರೀ ಗಾತ್ರ. ವೇಷವನ್ನು ಇದ್ದ ಅಳತೆಯಲ್ಲೇ ಬಿಡಿ, ಬೇಕಾದ್ರೆ ಗೆರೆ ಕಮ್ಮಿ ಮಾಡಿ. ದೊಡ್ಡ ಮಾಡ್ಬೇಕಾದ್ದು ಅವರು ಆ ವೇಷದ ಒಳಗಿದ್ದು ಎಂತ ಮಾಡ್ತಾರೆ, ಅದನ್ನು.

ಅವರ ವಿಡಿಯೋ ಸಿಕ್ಕಿದ್ರೆ ಸೌಂಡ್ ಆಫ್ ಮಾಡಿ ನೋಡಿ, ಚೆಂಡೆ ಕೇಳಿದ್ರೆ ನಮ್ಮ ಗಮನ ಅಲ್ಲಿಗೇ ಹೋಗ್ತದೆ. ಆಮೇಲೆ ಬ್ರೈಟ್‌ನೆಸ್ ಪೂರ್ತಿ ಇಳಿಸಿ ಬರೀ ಆಕಾರ ನೋಡಿ. ಒಬ್ಬರು ನಿಲ್ಲುವಾಗ ಭಾರ ಹಿಮ್ಮಡಿಗೆ ಬಿಡ್ತಾರೆ, ಒಬ್ಬರು ಮುಂದಕ್ಕೆ ವಾಲಿಯೇ ಇರ್ತಾರೆ, ಒಬ್ಬರ ಮೊಣಕೈ ಯಾವಾಗ್ಲೂ ಮೈಯಿಂದ ದೂರ, ಕೆಲವರು ಅರ್ಥ (ಪಾತ್ರದ ಮಾತು) ಶುರು ಮಾಡುವ ಮೊದ್ಲು ಗಲ್ಲ ಎತ್ತಿ ಒಂದು ಕ್ಷಣ ನಿಲ್ತಾರೆ. ಬಡಗಿನಲ್ಲಿ (ಉತ್ತರದ ಶೈಲಿಯಲ್ಲಿ) ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ, ಭಸ್ಮಾಸುರ ನೋಡಿದವರನ್ನು ಕೇಳಿ ಬೇಕಾದ್ರೆ, ಮುಖ ಕಾಣದಿದ್ರೂ ಆ ಕುತ್ತಿಗೆ ಭುಜದ ಕೊಂಕಿನಲ್ಲಿ ಇದು ಅವರೇ ಅಂತ ಗೊತ್ತಾಗ್ತಿತ್ತು. ಯಕ್ಷಗಾನಕ್ಕೆ ಮೊದಲ ಪದ್ಮಶ್ರೀ ಬಂದದ್ದು ಅವರಿಗೆ, 2012ರಲ್ಲಿ, ಆ ಮೈಭಾಷೆಗೆ ಸಿಕ್ಕಿದ ಗೌರವ ಅಂತ ನಾನು ತಿಳ್ಕೊಂಡಿದ್ದೇನೆ.

ನ್ಯೂಯಾರ್ಕಲ್ಲಿ ಅಲ್ ಹರ್ಷ್‌ಫೆಲ್ಡ್ ಅಂತ ಇದ್ರು, 1903ರಲ್ಲಿ ಹುಟ್ಟಿದವರು, 2003ರಲ್ಲಿ ತೀರಿಕೊಳ್ಳುವವರೆಗೂ ಬ್ರಾಡ್‌ವೇ ನಾಟಕದ ನಟರನ್ನು ಬರೀ ಕಪ್ಪು ಗೆರೆಯಲ್ಲಿ ಬರೆದ್ರು. ಕತ್ತಲೆ ಥಿಯೇಟರಲ್ಲಿ ಕೂತು ಕಾಗದ ನೋಡದೆ ಗುರುತು ಹಾಕಿಕೊಂಡು ಆಮೇಲೆ ಸ್ಟುಡಿಯೋದಲ್ಲಿ ಪೂರ್ತಿ ಮಾಡುದು. 1945ರಲ್ಲಿ ಮಗಳು ನೀನಾ ಹುಟ್ಟಿದ ಮೇಲೆ ಅವಳ ಹೆಸರನ್ನು ಬಟ್ಟೆಯ ನೆರಿಗೆಯಲ್ಲಿ, ಕೂದಲಲ್ಲಿ ಅಡಗಿಸಿ ಇಡ್ತಿದ್ರು, ಎಷ್ಟು ಕಡೆ ಉಂಟು ಅಂತ ಸಹಿಯ ಹತ್ರ ಅಂಕೆ ಹಾಕ್ತಿದ್ರು. ಅವರ ಚಿತ್ರದಲ್ಲಿ ಉಡುಪಿನ ಗೆರೆ ಗಮನಿಸಿ, ನಟನ ಮೈ ಯಾವ ಕಡೆ ಹೋಗ್ತದೋ ಬಟ್ಟೆಯ ಗೆರೆಯೂ ಆ ಕಡೆಗೇ. ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರ ನೋಡಿದ್ರೂ ಇದೇ ಪಾಠ ಸಿಗ್ತದೆ, ಎಷ್ಟು ಕಮ್ಮಿ ಗೆರೆ, ಎಷ್ಟು ಓಟ.

ಒಟ್ಟು ಹೇಳುದಾದ್ರೆ ಮುಖದ ಆಸೆ ಬಿಡಿ, ಅದು ಬಣ್ಣದ ಅಡಿಗೆ ಹೋಗಿ ಆಯ್ತು. ಮೈ ಹಿಡೀರಿ.

ಚೌಕಿಯ ಹಿಂದೆ:

ಪೆನ್ಸಿಲ್‌ನವರು ಮೈ ಬಗ್ಗೆ ಹೇಳಿದ್ದು ಸರಿ ಉಂಟು. ಆದ್ರೆ ಮುಖದ ಆಸೆ ಬಿಡಿ ಅಂದ್ರಲ್ಲ, ಅದನ್ನು ನಾನು ಒಪ್ಪುದಿಲ್ಲ ಮಾರಾಯ್ರೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮೇಳದ ಕೆಲಸ, ನಾನು ಚಡ್ಡಿ ಹಾಕುವಾಗಿಂದ ಚೌಕಿಯಲ್ಲಿ ಕೂತು ನೋಡಿದವ.

ಕಥಕಳಿಯಲ್ಲಿ ಚುಟ್ಟಿ ಹಾಕ್ಲಿಕ್ಕೆ ಬೇರೆಯೇ ಜನ ಇರ್ತಾರೆ, ನಟ ನೆಲದಲ್ಲಿ ಮಲಗ್ತಾರೆ, ಅವರು ತಲೆ ಹತ್ರ ಕೂತು ಹಾಕ್ತಾರೆ. ನಮ್ಮ ಮೇಳದಲ್ಲಿ ಹಾಗಲ್ಲ, ವೇಷಧಾರಿ ತನ್ನ ಮುಖ ತಾನೇ ಬರೆಯುದು. ಎದುರು ಒಂದು ಕನ್ನಡಿ, ಬಣ್ಣ ಕಲಸಿದ ತಟ್ಟೆ, ಕೈಯಲ್ಲಿ ಕಡ್ಡಿ. ಅಕ್ಕಿಹಿಟ್ಟು ಸುಣ್ಣ ಕಲಸಿ ಚುಟ್ಟಿ ಇಡುದನ್ನು ಹತ್ರ ಕೂತು ನೋಡಿದ್ದೀರಾ? ಒಂದೊಂದೇ ಮುಳ್ಳು, ಕೈ ನಡುಗ್ಬಾರ್ದು, ಮಾತಾಡಿದ್ರೆ ಕೆನ್ನೆ ಅಲ್ಲಾಡ್ತದೆ ಅಂತ ಮಾತೂ ಇಲ್ಲ, ಒಂದು ಸಾಲು ಒಣಗಿದ ಮೇಲೆ ಅದ್ರ ಮೇಲೆ ಮತ್ತೆ ಇಟ್ಟು ಎತ್ತರ ಮಾಡುದು. ಗಂಟೆಗಟ್ಲೆ ಕೆಲಸ. ಆಟ ಶುರುವಾಗಿ ಪುಂಡುವೇಷ (ಹುಡುಗ ವೀರರ ಪಾತ್ರ) ಎಲ್ಲ ರಂಗಸ್ಥಳಕ್ಕೆ ಹೋಗಿ ಬಂದು ಮಾಡುವಾಗ್ಲೂ ಬಣ್ಣದವರು ಕನ್ನಡಿ ಎದುರೇ ಇರ್ತಾರೆ.

ಹಾಗಾಗಿ ಆ ಬಣ್ಣ ಅವರ ಮುಖವನ್ನು ಮುಚ್ಚುದಲ್ಲ, ಅದೇ ಅವರ ಕೈಬರಹ. ಒಬ್ಬರು ಹುಬ್ಬನ್ನು ಮೇಲೆ ಎಳೆದು ತುದಿಯಲ್ಲಿ ಸಣ್ಣ ಕೊಕ್ಕೆ ಮಾಡ್ತಾರೆ, ಇನ್ನೊಬ್ಬರು ನೇರ ಕಿವಿಯ ಕಡೆಗೆ ಒಯ್ತಾರೆ. ಒಬ್ಬರ ಚುಟ್ಟಿ ಸಣ್ಣ ಸಣ್ಣದು ಒತ್ತೊತ್ತಾಗಿ, ಇನ್ನೊಬ್ಬರದ್ದು ದಪ್ಪ, ನಡುವೆ ಜಾಗ ಬಿಟ್ಟು. ಒಬ್ಬರು ಹಿರಿಯರಿಗೆ ದವಡೆ ಹಲ್ಲು ಹೋಗಿ ಕೆನ್ನೆ ಒಳಗೆ ಹೋಗಿತ್ತು, ಅವರು ಆ ಜಾಗದಲ್ಲಿ ಕಪ್ಪು ತುಂಬಿಸಿ ಅದನ್ನೇ ರಾಕ್ಷಸನ ಗುಳಿಬಿದ್ದ ಕೆನ್ನೆ ಮಾಡಿಬಿಡ್ತಿದ್ರು, ಎಂಥಾ ಬುದ್ಧಿ ನೋಡಿ. ಈ ವೇಷಕ್ಕೇ ಹೆಸರಾದ ಬಣ್ಣದ ಮಾಲಿಂಗರಂಥವರ ಹೆಸರಿಗೇ ಬಣ್ಣ ಸೇರಿಕೊಂಡದ್ದು ಸುಮ್ನೆ ಅಲ್ಲ.

ಅದ್ರಿಂದ ನೀವು ಅವರ ಮುಖವರ್ಣಿಕೆಯನ್ನೇ ಹಿಡಿದು ದೊಡ್ಡ ಮಾಡ್ಬಹುದು. ಅವರ ಹುಬ್ಬಿನ ಕೊಕ್ಕೆ ಎಷ್ಟು ಮೇಲೆ ಹೋಗ್ತದೆ ನೋಡಿ, ಅದನ್ನು ಇನ್ನೂ ಮೇಲೆ ಒಯ್ಯಿರಿ. ಆಟ ನೋಡುವವರು ಗ್ಯಾರಂಟಿ ಗುರುತು ಹಿಡೀತಾರೆ.

ಒಂದು ಬೇಡಿಕೆ ಉಂಟು. ತೆಂಕು ಬಡಗು ಮಿಕ್ಸ್ ಮಾಡ್ಬೇಡಿ. ಈಗ ಎಐಯಲ್ಲಿ ಮಾಡಿದ ಚಿತ್ರ ವಾಟ್ಸಾಪಲ್ಲಿ ದಿನಾ ಬರ್ತದೆ, ತಲೆಗೆ ಕಥಕಳಿ ಕಿರೀಟ, ಎದೆಗೆ ಬಡಗಿನ ಕಟ್ಟು, ಕೆಳಗೆ ಎಂತದ್ದೋ ಪಂಚೆ, ಅದ್ರಡಿ ಯಕ್ಷಗಾನ ನಮ್ಮ ಹೆಮ್ಮೆ ಅಂತ ಬರಹ. ನೋಡಿದ್ರೆ ಹೊಟ್ಟೆ ಉರೀತದೆ. ಬಡಗಿನ ಕರ್ಣ ಅರ್ಜುನರ ದೊಡ್ಡ ಮುಂಡಾಸು ಬೇರೆ, ಅಭಿಮನ್ಯು ಬಭ್ರುವಾಹನರ ಕೇದಗೆ ಮುಂದಲೆ ಬೇರೆ, ತೆಂಕಿನ ಬಣ್ಣದ ಕಿರೀಟ ಬೇರೆಯೇ ಲೆಕ್ಕ. ಕ್ಯಾರಿಕೇಚರಲ್ಲಿ ಗೆರೆ ಕಮ್ಮಿ ಇರ್ಲಿ ಅಡ್ಡಿಲ್ಲ, ಇರುವ ಗೆರೆ ಸರಿ ಇರ್ಬೇಕು. ಚೌಕಿಗೆ ಹೋಗಿ ಸ್ಕೆಚ್ ಮಾಡಿ, ಚಪ್ಪಲಿ ಹೊರಗೆ ಬಿಟ್ಟು ಹೋಗಿ, ಮೊದ್ಲು ದೇವರಿಗೆ ಕೈ ಮುಗಿದು ಆಮೇಲೆ ಅವರನ್ನು ಕೇಳಿ ಒಂದು ಬದಿಗೆ ಕೂತ್ಕೊಳ್ಳಿ, ಫ್ಲ್ಯಾಶ್ ಹಾಕ್ಬೇಡಿ, ಚುಟ್ಟಿ ಇಡುವಾಗ ಕಣ್ಣಿಗೆ ಹೊಡೀತದೆ.

ಹಳೇಮುದ್ರಣ ಉಡುಪಿ:

ಚೌಕಿಯವರ ಮಾತಿಗೆ ಒಂದು ಸೇರಿಸ್ತೇನೆ. ಜಪಾನಿನ ಕಬುಕಿ ನಾಟಕದಲ್ಲೂ ನಟರು ತಮ್ಮ ಮುಖದ ಬಣ್ಣ ತಾವೇ ಹಾಕುದು. ಅಲ್ಲಿ ಶರಾಕು ಅಂತ ಒಬ್ಬ ಚಿತ್ರಗಾರ, 1794ರಲ್ಲಿ ಇದ್ದಕ್ಕಿದ್ದ ಹಾಗೆ ಬಂದು ಸುಮಾರು ಹತ್ತು ತಿಂಗಳಲ್ಲಿ 140ಕ್ಕಿಂತ ಜಾಸ್ತಿ ಮರದಚ್ಚಿನ ಚಿತ್ರ ಮಾಡಿ 1795ರ ಶುರುವಲ್ಲಿ ಕಾಣೆಯಾದ, ಯಾರು ಎಲ್ಲಿಯವ ಅಂತ ಇವತ್ತಿಗೂ ಚರ್ಚೆ ನಡೀತಾ ಉಂಟು. ಬಹುತೇಕ ಎಲ್ಲ ವೇಷ ಹಾಕಿದ ನಟರದ್ದೇ. ಮೂರನೇ ಓತಾನಿ ಓನಿಜಿ ಅನ್ನುವ ನಟನ ಚಿತ್ರ ನೀವು ಎಲ್ಲಾದ್ರೂ ನೋಡಿಯೇ ಇರ್ತೀರಿ. ಹಣ ದೋಚ್ಲಿಕ್ಕೆ ಹೊರಟ ಆಳಿನ ಪಾತ್ರ, ಗಲ್ಲ ಮುಂದೆ ಚಾಚಿ, ಕಣ್ಣು ಮೂಗಿನ ಹತ್ರ ಬಂದು, ಎರಡೂ ಕೈಯ ಬೆರಳು ಬಟ್ಟೆಯ ಸಂದಿಯಿಂದ ಅಗಲಿಸಿಕೊಂಡು ಹೊರಗೆ. ಕೈ ಮುಖಕ್ಕಿಂತ ಎಷ್ಟೋ ಸಣ್ಣದು, ಅಳತೆ ತಪ್ಪಿಯೇ ಉಂಟು, ಆದ್ರೆ ಆ ಕ್ಷಣದ ದುರಾಸೆ ಪೂರ್ತಿ ಆ ಬೆರಳಲ್ಲೇ ಇರುದು. ಹಿನ್ನೆಲೆಯಲ್ಲಿ ಎಂತದ್ದೂ ಇಲ್ಲ, ಅಭ್ರಕ ಹಾಕಿದ ಕಪ್ಪು ಮಾತ್ರ. ರಾತ್ರಿ ಆಟದ ಚಿತ್ರಕ್ಕೆ ಇದಕ್ಕಿಂತ ಒಳ್ಳೆ ಹಿನ್ನೆಲೆ ಉಂಟಾ?

ಆದ್ರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೂ ಅವನಲ್ಲೇ ಸಿಗ್ತದೆ. ಸ್ತ್ರೀವೇಷದ ಗಂಡಸು ನಟರನ್ನು ಬರೆಯುವಾಗ ಅವ ಅವರ ಅಗಲ ದವಡೆ, ವಯಸ್ಸು ಎಂತದ್ದನ್ನೂ ಬಿಡ್ಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯಲು ಹೋದ, ಅದಕ್ಕೇ ಹೆಚ್ಚು ಕಾಲ ನಡೀಲಿಲ್ಲ ಅಂತ ಆ ಕಾಲದವರೇ ಬರೆದಿಟ್ಟಿದ್ದಾರೆ. ನಟನ ಅಭಿಮಾನಿಗೆ ಬೇಕಾದ್ದು ವೇಷದ ಚಂದ, ಶರಾಕು ಕೊಟ್ಟದ್ದು ವೇಷ ಕಟ್ಟಿದವನನ್ನು. ಇಂಗ್ಲೆಂಡಿನಲ್ಲಿ ಹೆನ್ರಿ ಇರ್ವಿಂಗ್ ಅಂತ ದೊಡ್ಡ ನಟ, 1895ರಲ್ಲಿ ಸರ್ ಪದವಿ ಪಡೆದ ಮೊದಲ ನಟ ಅವರೇ, ವ್ಯಾನಿಟಿ ಫೇರ್ ಪತ್ರಿಕೆಯಲ್ಲಿ 1874ರಲ್ಲಿ ಅವರ ಕ್ಯಾರಿಕೇಚರ್ ಬಂದಿತ್ತು, ಏಪ್ ಅನ್ನುವ ಹೆಸರಲ್ಲಿ ಕಾರ್ಲೊ ಪೆಲೆಗ್ರಿನಿ ಬರೆದದ್ದು. ಇರ್ವಿಂಗರ ಸಪೂರ ಕಾಲು, ವಿಚಿತ್ರ ನಡಿಗೆ, ಇದನ್ನು ಆ ಕಾಲದ ವ್ಯಂಗ್ಯಚಿತ್ರಗಾರರು ಸುಮ್ನೆ ಬಿಟ್ಟದ್ದೇ ಇಲ್ಲ.

ನನ್ನ ಮಟ್ಟಿಗೆ ಬೇರ್ಪಡಿಸ್ಬೇಕಾದ್ದು ಇಲ್ಲಿ. ಕಾಲು ಸಪೂರ ಇರುದು ಅವರು ಮಾಡಿದ್ದಲ್ಲ, ಆ ನಡಿಗೆ ಅವರು ಮಾಡಿದ್ದು. ಅವರು ರಂಗಸ್ಥಳದಲ್ಲಿ ಬೇಕು ಅಂತಲೇ ಮಾಡುವುದನ್ನು ನೀವು ಎಷ್ಟು ದೊಡ್ಡ ಮಾಡಿದ್ರೂ ಅದು ಮರ್ಯಾದೆಯೇ. ಹೋದ ಹಲ್ಲು, ಬಾಗಿದ ಬೆನ್ನು, ಅದು ಸನ್ಮಾನದ ಚಿತ್ರಕ್ಕೆ ಬೇಡ.

ಇನ್ನೊಂದು ನೆನಪಾಯ್ತು. ಪ್ಯಾರಿಸಿನ ತುಲೂಸ್ ಲೋತ್ರೆಕ್ ಗಾಯಕಿ ಈವೆಟ್ ಗಿಲ್ಬರ್ಟಳನ್ನು ಬರೀತಿದ್ದ, ಅವಳು ಮೊಣಕೈ ದಾಟುವ ಕಪ್ಪು ಕೈಗವಸು ಹಾಕುದು. ನನ್ನನ್ನು ಇಷ್ಟು ಕುರೂಪಿ ಮಾಡ್ಬೇಡಿ ಅಂತ ಅವಳು ಬೇಡಿಕೊಂಡದ್ದೂ ಉಂಟು. 1894ರಲ್ಲಿ ಅವಳ ಬಗ್ಗೆ ಮಾಡಿದ ಚಿತ್ರಸಂಪುಟದ ಮುಖಪುಟದಲ್ಲಿ ಅವಳೇ ಇಲ್ಲ, ಆ ಕೈಗವಸು ಮಾತ್ರ. ಊರಿಗೆಲ್ಲ ಗೊತ್ತಾಯ್ತು ಯಾರದ್ದು ಅಂತ. ನಿಮ್ಮ ಕಲಾವಿದರಿಗೂ ಹಾಗೆ ಏನಾದ್ರೂ ಉಂಟಾ ನೋಡಿ, ಅವರೊಬ್ಬರೇ ಹಿಡಿಯುವ ರೀತಿ, ಅವರೊಬ್ಬರೇ ಕಟ್ಟುವ ರೀತಿ.

ಸೇವೆಯಾಟ:

ಎಲ್ರೂ ಒಳ್ಳೇದೇ ಹೇಳಿದ್ದೀರಿ. ನಾನು ವಯಸ್ಸಾದವ, ಚಿತ್ರ ಬರೀಲಿಕ್ಕೆ ಬರುದಿಲ್ಲ, ಆಟ ನೋಡಿಯೇ ಬೆಳೆದವ. ಸಂಘದ ಹಿರಿಯರು ಕೇಳಿದ್ದರ ಬಗ್ಗೆ ನಾಲ್ಕು ಮಾತು.

ರಾಕ್ಷಸನ ಪಾತ್ರದಲ್ಲಿ ಎಂತ ಬೇಕಾದ್ರೂ ಮಾಡಿ, ಅದಕ್ಕೆ ಯಾರಿಗೂ ಬೇಸರ ಆಗುದಿಲ್ಲ. ಆ ಪಾತ್ರವೇ ಹಾಗೆ, ಜನರ ನಡುವಿಂದ ದೊಂದಿ ಹಿಡ್ಕೊಂಡು, ರಾಳದ ಹುಡಿ ಹಾರಿಸಿ, ಮಹಿಷಾಸುರ ಆರ್ಭಟೆ ಕೊಟ್ಟು ಬರುವಾಗ ಮಕ್ಕಳು ಅಮ್ಮನ ಸೆರಗಿನೊಳಗೆ ಹೋಗ್ತಾರೆ, ಮರುದಿನ ಶಾಲೆಯಲ್ಲಿ ಅವೇ ಮಕ್ಕಳು ಅದೇ ನಡಿಗೆ ನಡ್ದು ತೋರಿಸ್ತಾವೆ. ಅಣಕಿಸುದು ನಮ್ಮ ಕಲೆಗೆ ಹೊಸತಲ್ಲ. ಹಾಸ್ಯಗಾರರು ರಂಗಸ್ಥಳದಲ್ಲೇ ರಾಜನ ಗತ್ತನ್ನು ಮಾಡಿ ತೋರಿಸಿ ನಗಿಸ್ತಾರೆ, ರಾಜವೇಷದವರು ಎದುರೇ ನಿಂತಿರ್ತಾರೆ, ಅವರಿಗೂ ನಗು ತಡಿಲಿಕ್ಕೆ ಆಗುದಿಲ್ಲ ಕೆಲವೊಮ್ಮೆ.

ಆದ್ರೆ ದೇವಿಯನ್ನು ಅದೇ ಚಿತ್ರದಲ್ಲಿ ತರ್ಬೇಡಿ, ಹಿಂದೆ ಎಲ್ಲೋ ಸಣ್ಣದಾಗಿ ಅಂತಲೂ ಬೇಡ. ಆ ವೇಷ ರಂಗಸ್ಥಳಕ್ಕೆ ಬಂದಾಗ ಎದ್ದು ನಿಂತು ಕೈ ಮುಗಿಯುವ ಜನ ನಾವು. ಕಿರೀಟವನ್ನು ವಾರೆ ಮಾಡುದು, ಜಾರಿದ ಹಾಗೆ ತೋರಿಸುದು, ಗೆಜ್ಜೆ ಬಿಚ್ಚಿ ಬಿದ್ದ ಹಾಗೆ ಬರೆಯುದು ಬೇಡ. ವೇಷಧಾರಿ ಗೆಜ್ಜೆ ಕಟ್ಟುವಾಗ ಕಣ್ಣಿಗೆ ಒತ್ತಿಕೊಳ್ತಾನೆ, ಅದನ್ನು ನೆನಪಿಡಿ. ಮತ್ತೆ ಇಷ್ಟೆಲ್ಲ ನಾವು ಇಲ್ಲಿ ಮಾತಾಡುದಕ್ಕಿಂತ ನೀವು ಅವರ ಹತ್ರವೇ ಹೋಗಿ ಒಂದು ಮಾತು ಕೇಳುದು ಒಳ್ಳೇದು. ಸಭೆಯಲ್ಲಿ ಪರದೆ ಸರಿಸಿ ತೋರಿಸುವಾಗ ಅವರ ಮುಖ ಸಣ್ಣದಾದ್ರೆ ಆ ಶಾಲು ಹಾರಕ್ಕೆ ಎಂತ ಬೆಲೆ ಉಂಟು.

ಗೆಜ್ಜೆ ಕಟ್ಟಿದವಳು:

ನಾನು ಸುರತ್ಕಲ್ ಕಡೆಯವಳು, ಹವ್ಯಾಸಿ ಮಹಿಳಾ ತಂಡದಲ್ಲಿ ವೇಷ ಮಾಡ್ತೇನೆ, ಕಿರೀಟವೇಷ. ವೇಷದ ಭಾರದ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬರೀತಿದ್ದೇನೆ.

ಕಿರೀಟ ನಿಲ್ಲಬೇಕಾದ್ರೆ ತಲೆಗೆ ಬಟ್ಟೆ ಎಳೆದು ಬಿಗಿದು ಕಟ್ತಾರೆ, ಸ್ವಲ್ಪ ಹೊತ್ತಲ್ಲಿ ಹಣೆಯ ನರ ದಪದಪ ಹೊಡ್ಕೊಳ್ಳಿಕ್ಕೆ ಶುರು. ಆಮೇಲೆ ಕುತ್ತಿಗೆ ಒಂದನ್ನೇ ತಿರುಗಿಸ್ಲಿಕ್ಕೆ ಆಗುದಿಲ್ಲ, ನೋಡ್ಬೇಕಾದ್ರೆ ಎದೆಯಿಂದ ಮೇಲೆ ಪೂರ್ತಿ ತಿರುಗ್ಬೇಕು. ಕೆಳಗೆ ನೋಡುದು ಅಂದ್ರೆ ಕಣ್ಣು ಮಾತ್ರ ಕೆಳಗೆ. ಎದೆಕಟ್ಟು ಭುಜಕೀರ್ತಿ ಇದ್ದದಕ್ಕೆ ಕೈ ಮೈಗೆ ಅಂಟಿಸಿ ಇಡ್ಲಿಕ್ಕೂ ಆಗುದಿಲ್ಲ. ಹೊಸಬರಿಗೆ ಇದೆಲ್ಲ ತೊಂದ್ರೆಯ ಹಾಗೆ ಕಾಣ್ತದೆ, ಅವರ ಹೆಗಲು ಮೇಲೆ ಹೋಗಿ ಕಿವಿಗೆ ಹತ್ರ ಬಂದಿರ್ತದೆ. ಹಳಬರು ಆ ಭಾರವನ್ನೇ ಗತ್ತು ಮಾಡ್ಕೊಂಡಿರ್ತಾರೆ, ಹೆಗಲು ಕೆಳಗೆ, ಕುತ್ತಿಗೆ ನೇರ, ಕಣ್ಣು ಮಾತ್ರ ಓಡ್ತದೆ. ನೀವು ಬರೆಯುವ ಚಿತ್ರದಲ್ಲಿ ಕಿರೀಟಕ್ಕೆ ತೂಕ ಇರ್ಬೇಕು, ಅದ್ರ ಅಡಿಯಲ್ಲಿ ಆ ಕುತ್ತಿಗೆ ನೇರ ನಿಂತಿರ್ಬೇಕು. ಬೆಲೂನಿನ ಹಾಗೆ ಹಗುರ ತಲೆ ಇಟ್ರೆ ಎಂತ ಮಾಡಿದ್ರೂ ವೇಷಧಾರಿ ಅಂತ ಅನ್ನಿಸುದಿಲ್ಲ.

ಗೆರೆಕುಡ್ಲ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರಿ ಅಂತ ಅಂದುಕೊಂಡಿರ್ಲಿಲ್ಲ. ಸೇವೆಯಾಟದವರ ಮಾತು ಕೇಳಿ ಮೇಳ ನಮ್ಮ ಹತ್ರದ ಊರಿಗೆ ಬಂದಾಗ ಚೌಕಿಗೇ ಹೋದೆ, ಸಂಘದ ಅಧ್ಯಕ್ಷರೂ ಒಟ್ಟಿಗಿದ್ರು. ಹೀಗೀಗೆ ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಎಂತದ್ದೂ ಹೇಳ್ಲಿಲ್ಲ, ಆಮೇಲೆ ಕನ್ನಡಿ ನೋಡ್ತಾ ಹೇಳಿದ್ರು, ಹೊಟ್ಟೆ ಎಷ್ಟು ಬೇಕಾದ್ರೂ ದೊಡ್ಡ ಮಾಡಿ ಮಗ, ಕಿರೀಟ ಮಾತ್ರ ಸಣ್ಣ ಮಾಡ್ಬೇಡಿ. ಚೌಕಿ ಇಡೀ ನಗಾಡಿತು.

ಅವರು ಮುಖ ಬರೆಯುದನ್ನು ಕೂತು ನೋಡಿದೆ. ಚೌಕಿಯವರು ಹೇಳಿದ್ದು ಅಕ್ಷರ ಅಕ್ಷರ ಸರಿ. ಕಣ್ಣಿನ ಸುತ್ತ ಕೆಂಪು ಹಾಕುವಾಗ ಅವರು ಎಡಗಣ್ಣಿನ ಮೇಲಿನ ಗೆರೆಯನ್ನು ಬಲಗಣ್ಣಿಗಿಂತ ಸ್ವಲ್ಪ ಮೇಲೆ ತೆಗೀತಾರೆ. ಯಾಕೆ ಅಂತ ಕೇಳಿದ್ದಕ್ಕೆ ಆ ಕಣ್ಣು ಹುಟ್ಟಿನಿಂದಲೇ ಸ್ವಲ್ಪ ಸಣ್ಣದು, ದೂರಕ್ಕೆ ಎರಡೂ ಒಂದೇ ಕಾಣ್ಬೇಕಲ್ಲ ಅಂದ್ರು. ಇಷ್ಟು ವರ್ಷ ಅವರ ಆಟ ನೋಡಿದವರಿಗೆ ಯಾರಿಗೂ ಗೊತ್ತಿರ್ಲಿಕ್ಕಿಲ್ಲ ಇದು. ಆ ಮೇಲೆ ಹೋದ ಗೆರೆಯನ್ನೇ ಹಿಡಿದು ಹುಬ್ಬಿನವರೆಗೆ ಒಯ್ದು ಹೊಸತು ಬರೆದೆ, ಮೈ ಪೆನ್ಸಿಲ್‌ನವರು ಹೇಳಿದ ಹಾಗೆ ಹಿಮ್ಮಡಿಗೆ ಭಾರ ಹಾಕಿ, ಕುತ್ತಿಗೆ ನೇರ. ಸಂಘದ ಗ್ರೂಪಿಗೆ ಹೆಸರು ಹಾಕದೆ ಬರೀ ಸ್ಕೆಚ್ ಕಳ್ಸಿದೆ, ಎಲ್ರೂ ಕೂಡ್ಲೇ ಅವರ ಹೆಸರೇ ಹೇಳಿದ್ರು.

ಈಗ ಪೋಸ್ ಫೈನಲ್ ಮಾಡ್ಬೇಕು, ಮತ್ತೆ ಪ್ರಿಂಟಿನ ಬಗ್ಗೆ ಎಂತಾದ್ರೂ ಜಾಗ್ರತೆ ಬೇಕಾ?

ಪೆನ್ಸಿಲ್ ಮಣಿಪಾಲ:

ಎಡಗಣ್ಣಿನ ವಿಷಯ ಓದಿ ಮೈ ಜುಮ್ಮೆಂದಿತು. ಚೌಕಿಯವರೇ, ನೀವು ಹೇಳಿದ್ದೇ ಸರಿ, ಇನ್ನು ಆಟದ ಸ್ಕೆಚ್ಚಿಗೆ ಹೋಗುವಾಗ ನಾನು ಚೌಕಿಯಿಂದಲೇ ಶುರು ಮಾಡ್ತೇನೆ.

ಪೋಸಿಗೆ ನನ್ನ ಸಲಹೆ, ನಿಂತ ಚಿತ್ರ ಬೇಡ. ಜನರ ನಡುವಿಂದ ಬರುವ ಆ ಪ್ರವೇಶ ಹಿಡೀರಿ. ಒಂದು ಕಾಲು ಮುಂದೆ, ಮೈ ಹಿಂದಕ್ಕೆ, ಎರಡು ಬದಿಯಲ್ಲಿ ದೊಂದಿ, ಬೆಳಕು ಕೆಳಗಿಂದ ಮುಖಕ್ಕೆ. ಚುಟ್ಟಿಯ ನೆರಳು ಮೇಲಕ್ಕೆ ಬೀಳ್ತದೆ ಆಗ, ಹುಬ್ಬು ತನ್ನಿಂತಾನೇ ಎತ್ತರ ಕಾಣ್ತದೆ. ಹಿನ್ನೆಲೆ ಕಪ್ಪು ಬಿಡಿ, ಶರಾಕು ಮಾಡಿದ ಹಾಗೆ, ಜನರನ್ನು ಬರೀಲಿಕ್ಕೆ ಹೋಗ್ಬೇಡಿ.

ಪ್ರಿಂಟಿಗೆ, ಎ3 ಸೈಜ್ 300 ಡಿಪಿಐ ಅಂದ್ರೆ 3508 ಇಂಟು 4961 ಪಿಕ್ಸೆಲ್, ಅದಕ್ಕಿಂತ ಸಣ್ಣ ಕ್ಯಾನ್ವಾಸಲ್ಲಿ ಶುರು ಮಾಡ್ಬೇಡಿ, ಆಮೇಲೆ ಎಳೆದು ದೊಡ್ಡ ಮಾಡಿದ್ರೆ ಗೆರೆ ಒಡೀತದೆ. ಟ್ಯಾಬಲ್ಲಿ ಕಾಣುವ ಉರಿಯುವ ಕೆಂಪು ಕಾಗದದಲ್ಲಿ ಬರುದಿಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗ್ತದೆ, ಹಾಗಾಗಿ ಪ್ರೆಸ್ಸಲ್ಲಿ ಮೊದ್ಲು ಸಣ್ಣ ತುಂಡು ಪ್ರೂಫ್ ತೆಗೆಸಿ ಕೆಂಪು ನೋಡಿ. ಫ್ರೇಮಿಗೆ ಹೊಳೆಯುವ ಗ್ಲಾಸ್ ಬೇಡ, ಕಪ್ಪು ಹಿನ್ನೆಲೆಯಲ್ಲಿ ಸಭೆಯ ಟ್ಯೂಬ್‌ಲೈಟ್ ಎಲ್ಲ ಅದ್ರಲ್ಲೇ ಕಾಣ್ತದೆ.

ಗೆರೆಕುಡ್ಲ:

ದೊಂದಿ ಬೆಳಕಿನ ಐಡಿಯಾ ಸೂಪರ್, ಅದೇ ಮಾಡ್ತೇನೆ. ನನ್ನ ಹತ್ರ ಇರುವ ವಿಡಿಯೋ ಎಲ್ಲ ರಂಗಸ್ಥಳದ ಎದುರಿಂದ ತೆಗೆದದ್ದು. ತೆಂಕಿನ ಯಾವುದೇ ಮೇಳದ ದೇವಿಮಹಾತ್ಮೆಯ ಮಹಿಷಾಸುರನ ಪ್ರವೇಶ, ಜನರ ಬದಿಯಿಂದ ತೆಗೆದ ಕ್ಲಿಪ್ ಯಾರ ಹತ್ರ ಆದ್ರೂ ಉಂಟಾದ್ರೆ ಮೆಸೇಜ್ ಮಾಡಿ, ಹೆಜ್ಜೆ ಇಡುವಾಗ ಸೊಂಟದ ಬಟ್ಟೆ ಹೇಗೆ ಬೀಳ್ತದೆ ಅಂತ ನೋಡ್ಬೇಕು. ಚೌಕಿಯವರೇ, ಫೈನಲ್ ಆದ ಮೇಲೆ ಪ್ರೆಸ್ಸಿಗೆ ಕೊಡುವ ಮೊದ್ಲು ನಿಮ್ಗೆ ಕಳಿಸ್ತೇನೆ, ಕಟ್ಟು ಆಭರಣ ಎಲ್ಲ ತೆಂಕಿನದ್ದೇ ಉಂಟಾ ಅಂತ ಒಮ್ಮೆ ನೋಡಿ ಹೇಳ್ಬೇಕು.